ಜಾಹೀರಾತು ಒತ್ತಿದವರಿಗೆ ಹಣ್ಣು ಕಾಣಿಸಬೇಕು
ಮಾವು ಬೆಳೆಗಾರರ ನೇರ ಮಾರಾಟಕ್ಕೆ ಒಂದೇ ಉದ್ದೇಶದ ‘ಇಳಿಪುಟ’

ಮಾವು ಬೆಳೆಗಾರನಿಗೆ ವರ್ಷವೆಲ್ಲ ದುಡಿಮೆ. ಮಾರಾಟಕ್ಕೆ ಮಾತ್ರ ಕೆಲವೇ ವಾರಗಳ ಅವಕಾಶ. ರಾಮನಗರ ಸೀಮೆಯಲ್ಲಿ ಏಪ್ರಿಲ್ ಸುಮಾರಿಗೆ ಕೊಯ್ಲು ಆರಂಭವಾದರೆ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಮೇ ತಿಂಗಳಲ್ಲಿ ಹಣ್ಣು ಕೈಗೆ ಬರುತ್ತದೆ. ಕೊಯ್ದ ಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ. ಮಂಡಿಯಲ್ಲಿ ದರ ಬಿದ್ದಿದ್ದರೂ ಸಿಕ್ಕಷ್ಟಕ್ಕೆ ಕೊಟ್ಟು ಬರಬೇಕಾಗುತ್ತದೆ. ಆದುದರಿಂದಲೇ ಈಚಿನ ವರ್ಷಗಳಲ್ಲಿ ಅನೇಕ ಬೆಳೆಗಾರರು ಪಟ್ಟಣದ ಗ್ರಾಹಕರಿಗೆ ನೇರವಾಗಿ ಪೆಟ್ಟಿಗೆ ಕಳಿಸುವ ದಾರಿ ಹಿಡಿದಿದ್ದಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಬಾಗಿಲಿಗೆ ಹಣ್ಣು ತಲಪಿಸುವ ಏರ್ಪಾಡು ಮಾಡಿತ್ತು. ಹಣ್ಣು ಹೀಗೂ ಮಾರಾಟವಾಗಬಹುದೆಂಬ ಧೈರ್ಯ ಆಗ ಹಲವರಿಗೆ ಬಂತು.

ನೇರ ಮಾರಾಟಕ್ಕೆ ಗಿರಾಕಿ ಬೇಕು. ಗಿರಾಕಿಗಾಗಿ ಮೊಬೈಲಿನಲ್ಲಿ ಜಾಹೀರಾತು ಕೊಡುವುದು ಈಗ ಸುಲಭ. ಕೆಲವು ನೂರು ರೂಪಾಯಿ ಕಟ್ಟಿದರೂ ಸಾಕು, ಬೆಂಗಳೂರಿನ ಬಡಾವಣೆಗಳ ಜನರ ಫೋನಿನಲ್ಲಿ ನಮ್ಮ ಹಣ್ಣಿನ ಚಿತ್ರ ಕಾಣಿಸಿಕೊಳ್ಳುತ್ತದೆ. ಆದರೆ ಹಣ ಖರ್ಚಾಯಿತು, ಜನರು ಬಂದು ನೋಡಿದರು, ಪೆಟ್ಟಿಗೆ ಮಾತ್ರ ಹೋಗಲಿಲ್ಲ ಎಂಬ ದೂರು ಈಗ ಹಳ್ಳಿಹಳ್ಳಿಯಲ್ಲಿ ಕೇಳಿಬರುತ್ತಿದೆ. ಇದಕ್ಕೆ ಕಾರಣ ಬಹುಪಾಲು ಜಾಹೀರಾತಿನಲ್ಲಿ ಇರುವುದಿಲ್ಲ. ಜಾಹೀರಾತನ್ನು ಒತ್ತಿದ ಮೇಲೆ ಗ್ರಾಹಕ ಬಂದು ಇಳಿಯುವ ಪುಟದಲ್ಲಿ ಇರುತ್ತದೆ. ಆ ಪುಟವನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಾನೇ ಮಾಡಿದ ತಪ್ಪು

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2023ರ ಬೇಸಗೆಯಲ್ಲಿ ನನ್ನ ವ್ಯಾಪ್ತಿಯ ಒಬ್ಬ ಬೆಳೆಗಾರರು ಮೂರು ಎಕರೆ ಬಾದಾಮಿ ತೋಟದ ಹಣ್ಣನ್ನು ನೇರವಾಗಿ ಮಾರಲು ನನ್ನ ಸಲಹೆ ಕೇಳಿದರು. ಅವರು ಸದಸ್ಯರಾಗಿದ್ದ ಬೆಳೆಗಾರರ ಸಂಘಕ್ಕೆ ಆಗಲೇ ಒಂದು ಅಂತರ್ಜಾಲ ತಾಣವಿತ್ತು. ಜಾಹೀರಾತಿನ ಕೊಂಡಿಯನ್ನು ಅದಕ್ಕೇ ಜೋಡಿಸಿರಿ, ಹೊಸ ಖರ್ಚು ಏಕೆ, ಎಂದು ಹೇಳಿದವನು ನಾನೇ. ಅವರು ಆರು ಸಾವಿರ ರೂಪಾಯಿ ಹಾಕಿದರು. ಒತ್ತಿ ನೋಡಿದವರ ಸಂಖ್ಯೆ ದಿನದಿನಕ್ಕೂ ಏರಿತು. ಬಂದ ಬೇಡಿಕೆಯನ್ನು ಮಾತ್ರ ಕೈಬೆರಳಲ್ಲಿ ಎಣಿಸಬಹುದಾಗಿತ್ತು.

ಬೆಂಗಳೂರಿನಲ್ಲಿದ್ದ ಅವರ ತಂಗಿ ಒಂದು ಸಂಜೆ ಫೋನು ಮಾಡಿ, ‘ಅಣ್ಣಾ, ನಿನ್ನ ಜಾಹೀರಾತು ನೋಡಿ ಒತ್ತಿದೆ. ಹುಡುಕಿ ಹುಡುಕಿ ಸಾಕಾಯಿತು, ಹಣ್ಣೇ ಸಿಗಲಿಲ್ಲ’ ಎಂದರಂತೆ. ನಾವಿಬ್ಬರೂ ಆಗ ಕುಳಿತು ನೋಡಿದೆವು. ಜಾಹೀರಾತಿನಲ್ಲಿದ್ದುದು ಮೂರು ಕಿಲೋ ಬಾದಾಮಿ ಪೆಟ್ಟಿಗೆ. ಒತ್ತಿದರೆ ತೆರೆದುಕೊಂಡದ್ದು ಸಂಘದ ಕಟ್ಟಡದ ಉದ್ಘಾಟನೆಯ ಚಿತ್ರ. ಅದರ ಕೆಳಗೆ ಅಧ್ಯಕ್ಷರ ಸಂದೇಶ, ಪದಾಧಿಕಾರಿಗಳ ಪಟ್ಟಿ, ರಾಗಿ, ಹುಣಸೆ, ಉಪ್ಪಿನಕಾಯಿ. ಮಾವಿನ ಹಣ್ಣು ಎಲ್ಲೋ ನಾಲ್ಕನೆಯ ಪುಟದಲ್ಲಿತ್ತು. ಅಲ್ಲಿಯೂ ಬೆಲೆ ಇರಲಿಲ್ಲ, ‘ಸಂಪರ್ಕಿಸಿ’ ಎಂದಷ್ಟೇ ಇತ್ತು. ತಂಗಿಯಾದುದರಿಂದ ಹುಡುಕಿದರು. ಪರರು ಏಕೆ ಹುಡುಕುತ್ತಾರೆ? ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹಣ್ಣು ಮಾಗಿಹೋಗಿತ್ತು. ಉಳಿದುದನ್ನು ಅವರು ಮಂಡಿಗೆ ಒಯ್ದು ಆ ದಿನದ ದರಕ್ಕೆ ಕೊಟ್ಟು ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಮರುವರ್ಷ ಅವರೇ ಮತ್ತೆ ಬಂದು, ‘ಈ ಸಲ ಹಣ್ಣು ಮಾತ್ರ ಕಾಣಿಸುವಂತೆ ಮಾಡೋಣ’ ಎಂದರು. ಒಂದೇ ಪುಟ, ಒಂದೇ ತಳಿ, ಒಂದೇ ಬೆಲೆ, ಬೇಡಿಕೆ ಸಲ್ಲಿಸಲು ಒಂದೇ ಗುಂಡಿ. ಹಿಂದಿನ ವರ್ಷಕ್ಕಿಂತ ಕಡಿಮೆ ಹಣ ಹಾಕಿದರೂ, ಅವರು ಪೆಟ್ಟಿಗೆಗಾಗಿ ವಿಂಗಡಿಸಿದ್ದ ಹಣ್ಣೆಲ್ಲ ಹೋಯಿತು. ತೋಟ ಅದೇ, ಹಣ್ಣು ಅದೇ, ಪಟ್ಟಣವೂ ಅದೇ. ಬದಲಾದುದು ಮುಖ್ಯವಾಗಿ ಬಂದವರು ಇಳಿಯುವ ಜಾಗ.

ಇಳಿಪುಟ ಎಂದರೇನು?

ಜಾಹೀರಾತಿನ ಕೊಂಡಿಯನ್ನು ಒತ್ತಿದಾಗ ಮೊದಲು ತೆರೆದುಕೊಳ್ಳುವ ಪುಟಕ್ಕೆ ‘ಲ್ಯಾಂಡಿಂಗ್ ಪೇಜ್’ ಎಂದು ಹೆಸರು. ನಮ್ಮ ಅನುಕೂಲಕ್ಕಾಗಿ ಇದನ್ನು ‘ಇಳಿಪುಟ’ ಎಂದು ಕರೆಯೋಣ. ಸಂಸ್ಥೆಯ ಮುಖಪುಟ ಬೇರೆ, ಇಳಿಪುಟ ಬೇರೆ. ಮುಖಪುಟವು ಎಲ್ಲರಿಗೂ ಎಲ್ಲವನ್ನೂ ತೋರಿಸುತ್ತದೆ. ಇಳಿಪುಟವು ಒಂದು ಜಾಹೀರಾತನ್ನು ನೋಡಿ ಬಂದವರಿಗೆ, ಅವರು ಏನನ್ನು ಬಯಸಿ ಬಂದರೋ ಅದನ್ನು ಮಾತ್ರ ತೋರಿಸುತ್ತದೆ. ಮತ್ತು ಅವರಿಂದ ಒಂದೇ ಒಂದು ಕೆಲಸವನ್ನು ಬಯಸುತ್ತದೆ. ಆ ಕೆಲಸ ಪೆಟ್ಟಿಗೆ ಕೊಳ್ಳುವುದಿರಬಹುದು, ಮುಂಗಡ ಹೆಸರು ಬರೆಸುವುದಿರಬಹುದು.

ಬಾವಿಯಿಂದ ನೀರೆತ್ತಿ ಮಣ್ಣಿನ ಕಾಲುವೆಯಲ್ಲಿ ಹಾಯಿಸಿದರೆ ಗಿಡದ ಬುಡ ತಲಪುವುದರೊಳಗೆ ಎಷ್ಟು ನೀರು ಇಂಗಿ ಹೋಗುತ್ತದೆಂಬುದು ನಮಗೆಲ್ಲ ಗೊತ್ತು. ಪಂಪಿನ ಶಕ್ತಿ ಹೆಚ್ಚಿಸಿದರೆ ವಿದ್ಯುತ್ ಖರ್ಚಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಜಾಹೀರಾತಿಗೆ ಇನ್ನಷ್ಟು ಹಣ ಸುರಿಯುವುದೂ ಹಾಗೆಯೇ. ಮೊದಲು ಕಾಲುವೆಯನ್ನು ಸರಿಪಡಿಸಬೇಕು.

ಲೆಕ್ಕ ಹಾಕಿ ನೋಡಿರಿ

ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಯಾರಾದರೂ ಒತ್ತಿದಾಗ ಮಾತ್ರ ಹಣ ಕಟ್ಟಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸಾಮಾನ್ಯವಾಗಿ ತೋರಿಸಿದ ಲೆಕ್ಕಕ್ಕೆ ಹಣ ಹೋಗುತ್ತದೆ. ಯಾವುದೇ ಆಗಲಿ, ಕೊನೆಗೆ ಒಬ್ಬ ಮನುಷ್ಯ ನಮ್ಮ ಪುಟಕ್ಕೆ ಬರಲು ಎಷ್ಟು ಬಿತ್ತು ಎಂದು ಭಾಗಿಸಿ ನೋಡಬಹುದು. ಜಾಹೀರಾತು ದರದ ಮೇಲೆ ಶೇಕಡ 18 ಜಿ.ಎಸ್.ಟಿ. ಸೇರುವುದನ್ನು ಮರೆಯಬಾರದು.

ಉದಾಹರಣೆಗೆ, ತೆರಿಗೆಯೂ ಸೇರಿ ಒಬ್ಬರು ಬರಲು 4 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳೋಣ. 1,000 ಮಂದಿ ಬಂದರೆ ಖರ್ಚು 4,000 ರೂಪಾಯಿ. ಒಂದು ಪೆಟ್ಟಿಗೆಯಲ್ಲಿ ಹಣ್ಣು, ಪೆಟ್ಟಿಗೆ, ಸಾಗಾಣಿಕೆ ಎಲ್ಲ ಕಳೆದು 150 ರೂಪಾಯಿ ಉಳಿಯುತ್ತದೆ ಎನ್ನೋಣ.

ನೂರರಲ್ಲಿ ಒಬ್ಬರು ಕೊಂಡರೆ: 10 ಪೆಟ್ಟಿಗೆ ಹೋಗುತ್ತದೆ. ಒಂದು ಪೆಟ್ಟಿಗೆಗೆ ಜಾಹೀರಾತು ಖರ್ಚು 400 ರೂಪಾಯಿ. ಪ್ರತಿ ಪೆಟ್ಟಿಗೆಗೆ 250 ರೂಪಾಯಿ ನಷ್ಟ.

ನೂರರಲ್ಲಿ ಇಬ್ಬರು ಕೊಂಡರೆ: 20 ಪೆಟ್ಟಿಗೆ. ಪೆಟ್ಟಿಗೆಗೆ ಖರ್ಚು 200 ರೂಪಾಯಿ. ಈಗಲೂ 50 ರೂಪಾಯಿ ನಷ್ಟ.

ನೂರರಲ್ಲಿ ನಾಲ್ವರು ಕೊಂಡರೆ: 40 ಪೆಟ್ಟಿಗೆ. ಪೆಟ್ಟಿಗೆಗೆ ಖರ್ಚು 100 ರೂಪಾಯಿ. ಪ್ರತಿ ಪೆಟ್ಟಿಗೆಯಲ್ಲೂ 50 ರೂಪಾಯಿ ಉಳಿತಾಯ.

ಮೂರು ಸಂದರ್ಭಗಳಲ್ಲಿಯೂ ಜಾಹೀರಾತಿನ ಖರ್ಚು ಒಂದೇ ಎಂಬುದನ್ನು ಗಮನಿಸಬೇಕು. ಲಾಭ ನಷ್ಟವನ್ನು ನಿರ್ಧರಿಸಿದ್ದು ಬಂದವರಲ್ಲಿ ಎಷ್ಟು ಮಂದಿ ಗಿರಾಕಿಯಾದರು ಎಂಬ ಪ್ರಮಾಣ. ಈ ಲೆಕ್ಕದಲ್ಲಿ ಅಸಲು ಗಿಟ್ಟಬೇಕಾದರೆ 1,000 ಮಂದಿಯಲ್ಲಿ ಕನಿಷ್ಠ 27 ಮಂದಿ ಕೊಳ್ಳಬೇಕು. ಸೂತ್ರ ಸುಲಭ: ಒಬ್ಬರು ಬರಲು ಬಿದ್ದ ಖರ್ಚನ್ನು ಒಂದು ಪೆಟ್ಟಿಗೆಯ ಉಳಿಕೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ, ನೂರಕ್ಕೆ ಎಷ್ಟು ಮಂದಿ ಕೊಳ್ಳಬೇಕೆಂಬುದು ತಿಳಿಯುತ್ತದೆ. ತಮ್ಮ ತಮ್ಮ ಅಂಕಿಗಳನ್ನು ಹಾಕಿ ಜಾಹೀರಾತು ಕೊಡುವ ಮೊದಲೇ ಈ ಲೆಕ್ಕ ಮಾಡತಕ್ಕದ್ದು. ಅಷ್ಟು ಮಂದಿ ಕೊಳ್ಳುವ ಭರವಸೆ ಇಲ್ಲದಿದ್ದರೆ ಜಾಹೀರಾತಿಗೆ ಕೈಹಾಕದಿರುವುದೇ ಲೇಸು.

ಮತ್ತೊಂದು ಸಂಗತಿ. ಗೂಗಲ್ ಸಂಸ್ಥೆಯು ಜಾಹೀರಾತುಗಳ ಗುಣಮಟ್ಟಕ್ಕೆ ಅಂಕ ಕೊಡುತ್ತದೆ. ಅದರಲ್ಲಿ ಮೂರು ಅಂಶಗಳಿವೆ: ಜನ ಒತ್ತುವ ಸಂಭವ ಎಷ್ಟು, ಹುಡುಕಿದ ವಿಷಯಕ್ಕೂ ಜಾಹೀರಾತಿಗೂ ಹೊಂದಿಕೆ ಎಷ್ಟು, ಇಳಿಪುಟದಲ್ಲಿ ಬಂದವರ ಅನುಭವ ಹೇಗೆ. ಪುಟ ಕಳಪೆಯಾಗಿದ್ದರೆ ಜಾಹೀರಾತು ಕೆಳಗೆ ಸರಿಯಬಹುದು, ಇಲ್ಲವೆ ಅದೇ ಸ್ಥಾನಕ್ಕೆ ಹೆಚ್ಚು ಹಣ ಬೀಳಬಹುದು. ಹೀಗೆ ಕೆಟ್ಟ ಪುಟದಿಂದ ಎರಡು ಕಡೆ ನಷ್ಟ.

ಪುಟ ಸಿದ್ಧಪಡಿಸುವ ವಿಧಾನ

1. ಜಾಹೀರಾತಿನ ಮಾತೇ ಪುಟದ ತಲೆಬರಹವಾಗಲಿ. ಜಾಹೀರಾತಿನಲ್ಲಿ ‘ಮರದಿಂದ ಕೊಯ್ದ ಬಾದಾಮಿ, 3 ಕಿಲೋ ಪೆಟ್ಟಿಗೆ’ ಎಂದಿದ್ದರೆ ಪುಟದ ಮೇಲ್ಭಾಗದಲ್ಲಿಯೂ ಅದೇ ಮಾತು, ಅದೇ ಚಿತ್ರ ಇರಬೇಕು. ಸರಿಯಾದ ಅಂಗಡಿಗೇ ಬಂದೆನೆಂಬ ನಂಬಿಕೆ ಗ್ರಾಹಕನಿಗೆ ಮೊದಲ ನೋಟದಲ್ಲೇ ಬರಬೇಕು.

2. ಬೆಲೆಯನ್ನು ಬಚ್ಚಿಡಕೂಡದು. ಪೆಟ್ಟಿಗೆಗೆ ಎಷ್ಟು, ಸಾಗಾಣಿಕೆಗೆ ಎಷ್ಟು, ಒಟ್ಟು ಎಷ್ಟು ಎಂಬುದನ್ನು ಮೊದಲೇ ತಿಳಿಸಬೇಕು. ಕೊನೆಯ ಹಂತದಲ್ಲಿ ಸಾಗಾಣಿಕೆ ವೆಚ್ಚ ಸೇರಿಸಿದರೆ ಕೊಳ್ಳಲು ಹೊರಟವನೂ ಹಿಂದೆ ಸರಿಯುತ್ತಾನೆ.

3. ಯಾವ ಊರಿಗೆ, ಯಾವ ದಿನ ಎಂಬುದನ್ನು ಬರೆಯಿರಿ. ‘ಬೆಂಗಳೂರು ನಗರದೊಳಗೆ ಮಾತ್ರ, ಪ್ರತಿ ಬುಧವಾರ, ಶನಿವಾರ ಕೊಯ್ಲು, ಮರುದಿನ ರವಾನೆ’ ಎಂಬಂಥ ಒಂದು ಸಾಲು ಹತ್ತಾರು ಫೋನುಗಳನ್ನು ಉಳಿಸುತ್ತದೆ. ಹಣ್ಣು ಕಾಯಾಗಿ ಬರುತ್ತದೆಯೇ ಮಾಗಿ ಬರುತ್ತದೆಯೇ, ಮನೆಯಲ್ಲಿ ಎಷ್ಟು ದಿನ ಇಟ್ಟು ತಿನ್ನಬೇಕು ಎಂಬುದನ್ನೂ ತಿಳಿಸಬೇಕು.

4. ತಮ್ಮ ತೋಟದ್ದೇ ಚಿತ್ರವಿರಲಿ. ಬೇರೆ ಕಡೆಯಿಂದ ತೆಗೆದ ಹೊಳೆಯುವ ಚಿತ್ರಕ್ಕಿಂತ, ತಮ್ಮ ಮರದ ಕೆಳಗೆ ತೊಟ್ಟು ಸಮೇತ ಹಣ್ಣು ಹಿಡಿದು ನಿಂತ ಚಿತ್ರ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಪೆಟ್ಟಿಗೆ ತೆರೆದಾಗ ಕಾಣುವ ರೀತಿಯ ಚಿತ್ರವೂ ಒಂದಿರಲಿ. ಎರಡು ಮೂರು ಚಿತ್ರ ಸಾಕು.

5. ಗ್ರಾಹಕನ ಭಯಕ್ಕೆ ಉತ್ತರ ಕೊಡಿರಿ. ಹಣ ಕಟ್ಟಿದ ಮೇಲೆ ಹಣ್ಣು ಕೊಳೆತು ಬಂದರೆ ಏನು ಗತಿ ಎಂಬುದೇ ಆತನ ಮೊದಲ ಭಯ. ಬಾದಾಮಿಯಲ್ಲಿ ತಿರುಳು ಒಳಗೊಳಗೇ ಸ್ಪಂಜಿನಂತಾಗುವ ದೋಷವಿದ್ದು ಅದು ಹೊರಗೆ ಕಾಣುವುದಿಲ್ಲ. ಆದುದರಿಂದ ‘ಕೆಟ್ಟ ಹಣ್ಣಿನ ಚಿತ್ರ ಕಳಿಸಿದರೆ ಅಷ್ಟು ಹಣ ವಾಪಸು’ ಎಂದು ಸ್ಪಷ್ಟವಾಗಿ ಬರೆದು, ಬರೆದಂತೆ ನಡೆಯಬೇಕು.

6. ಗುಂಡಿ ಒಂದೇ ಇರಲಿ. ‘ಪೆಟ್ಟಿಗೆ ಕಾದಿರಿಸಿ’ ಎಂಬ ಒಂದು ದೊಡ್ಡ ಗುಂಡಿ ಸಾಕು. ಪುಟ ಉದ್ದವಾಗಿದ್ದರೆ ಅದನ್ನೇ ಮೇಲೊಮ್ಮೆ ಕೆಳಗೊಮ್ಮೆ ಇಡಬಹುದು. ಸಂಘದ ಇತಿಹಾಸ, ಬೇರೆ ಪದಾರ್ಥಗಳು, ಇತರ ತಾಣಗಳ ಕೊಂಡಿ ಇವೆಲ್ಲ ಈ ಪುಟದಲ್ಲಿ ಬೇಡ. ಪ್ರತಿಯೊಂದು ಹೆಚ್ಚಿನ ಕೊಂಡಿಯೂ ಹೊರಗೆ ಹೋಗಲು ಒಂದು ಬಾಗಿಲು.

7. ಕೇಳುವ ಪ್ರಶ್ನೆಗಳು ಕಡಿಮೆ ಇರಲಿ. ಹೆಸರು, ಫೋನು, ವಿಳಾಸ, ಪೆಟ್ಟಿಗೆಯ ಸಂಖ್ಯೆ ಇಷ್ಟು ಸಾಕು. ಹುಟ್ಟಿದ ದಿನಾಂಕ, ಉದ್ಯೋಗ ಕೇಳಿದರೆ ಜನ ಬೇಸತ್ತು ಬಿಟ್ಟುಹೋಗುತ್ತಾರೆ.

8. ಬೆಳೆದವರು ಯಾರೆಂದು ತಿಳಿಸಿರಿ. ಹೆಸರು, ಊರು, ತಾಲ್ಲೂಕು, ಫೋನು ಸಂಖ್ಯೆ ಇರಬೇಕು. ಬೆಂಗಳೂರಿನ ಗ್ರಾಹಕರನ್ನು ಉದ್ದೇಶಿಸಿದ್ದರೆ ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಪುಟವಿದ್ದರೆ ಒಳಿತು. ಆದರೆ ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಪುಟವೇ ಮೊದಲು ತೆರೆಯಬೇಕು.

ಪುಟ ಬೇಗ ತೆರೆಯಬೇಕು

ಜಾಹೀರಾತು ನೋಡುವವರಲ್ಲಿ ಬಹುಮಂದಿ ಮೊಬೈಲಿನಲ್ಲಿ ನೋಡುವವರು. 2016ರಲ್ಲಿ ಗೂಗಲ್ ಪ್ರಕಟಿಸಿದ ಅಂಕಿಯ ಪ್ರಕಾರ, ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನೂರರಲ್ಲಿ 53 ಭೇಟಿಗಳು ಅಲ್ಲಿಗೇ ಕೊನೆಗೊಳ್ಳುತ್ತವೆ. ಒತ್ತಿದ್ದಕ್ಕೆ ಹಣ ಕಟ್ಟಿದ್ದಾಗಿದೆ, ಮನುಷ್ಯ ಮಾತ್ರ ಒಳಗೆ ಬರಲಿಲ್ಲ. ತಡಕ್ಕೆ ಸಾಮಾನ್ಯ ಕಾರಣ ಭಾರವಾದ ಚಿತ್ರಗಳು. ಈಗಿನ ಫೋನಿನಲ್ಲಿ ತೆಗೆದ ಒಂದು ಚಿತ್ರವೇ ಹಲವು ಎಂ.ಬಿ. ತೂಗುತ್ತದೆ. ಅದನ್ನು ಕುಗ್ಗಿಸಿಯೇ ಪುಟಕ್ಕೆ ಏರಿಸಬೇಕು. ತಾನಾಗಿ ಓಡುವ ವಿಡಿಯೋ, ಹಾರಾಡುವ ಅಕ್ಷರ ಇವೆಲ್ಲ ಬೇಡ. ಪುಟ ಸಿದ್ಧವಾದ ಮೇಲೆ ಹಳ್ಳಿಯಲ್ಲಿ, ಸಿಗ್ನಲ್ ಕಡಿಮೆಯಿರುವ ಜಾಗದಲ್ಲಿ ನಿಂತು, ಸಾಧಾರಣ ಬೆಲೆಯ ಫೋನಿನಲ್ಲಿ ತೆರೆದು ನೋಡುವುದೇ ತಕ್ಕ ಪರೀಕ್ಷೆ.

ಪುಟಕ್ಕಾಗಿ ಹೆಚ್ಚು ಹಣ ವ್ಯಯಿಸಬೇಕಾದುದಿಲ್ಲ. ಗೂಗಲ್ ಸೈಟ್ಸ್‌ನಲ್ಲಿ ಉಚಿತವಾಗಿ ಸರಳ ಪುಟ ಮಾಡಬಹುದು; ಬೇಡಿಕೆ ಪಡೆಯಲು ಗೂಗಲ್ ಫಾರ್ಮ್ಸ್ ಸಾಕು. ಪಿ.ಯು.ಸಿ. ಓದುವ ಮಕ್ಕಳಿಗೆ ಇದು ಒಂದು ದಿನದ ಕೆಲಸ. ಜಾಹೀರಾತಿನಿಂದ ನೇರವಾಗಿ ವಾಟ್ಸ್‌ಆ್ಯಪ್ ತೆರೆಯುವಂತೆಯೂ ಮಾಡಬಹುದು. ಆದರೆ ಆಗ ಪ್ರತಿಯೊಬ್ಬರಿಗೂ ಬೆಲೆ, ದಿನ, ಊರುಗಳನ್ನು ಬರೆದು ತಿಳಿಸಲು ಕೊಯ್ಲಿನ ನಡುವೆ ಒಬ್ಬರು ಕುಳಿತೇ ಇರಬೇಕಾಗುತ್ತದೆ. ಮೊದಲು ಪುಟ, ಸಂದೇಹವಿದ್ದವರಿಗೆ ವಾಟ್ಸ್‌ಆ್ಯಪ್ ಎಂಬುದು ಅನುಕೂಲವಾದ ಕ್ರಮ.

ಇಲ್ಲೊಂದು ಎಚ್ಚರಿಕೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಉಚಿತವಾಗಿ ಸಿಗುತ್ತಿದ್ದ ಪುಟಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಹಳೆಯ ಜಾಹೀರಾತು ಅಥವಾ ಕರಪತ್ರದಲ್ಲಿ ಆ ವಿಳಾಸವಿದ್ದರೆ ಕೂಡಲೇ ಬದಲಾಯಿಸಬೇಕು. ಹಂಗಾಮಿನ ಮೊದಲ ಜಾಹೀರಾತಿಗೆ ಹಣ ಕಟ್ಟುವ ಮುನ್ನ ಕೊಂಡಿಯನ್ನು ತಾವೇ ಒತ್ತಿ ನೋಡುವುದು ಅಗತ್ಯ.

ಒಂದು ಜಾಹೀರಾತಿಗೆ ಒಂದು ಪುಟ

ರಸಪುರಿ, ಮಲ್ಲಿಕಾ, ಬಾದಾಮಿ ಮೂರನ್ನೂ ಬೆಳೆದವರು ಮೂರಕ್ಕೂ ಒಂದೇ ಪುಟ ಮಾಡಬೇಕೆ? ಪ್ರತ್ಯೇಕ ಜಾಹೀರಾತು ಕೊಡುವುದಾದರೆ ಪ್ರತ್ಯೇಕ ಪುಟ ಮಾಡುವುದೇ ಉತ್ತಮ. ರಸಪುರಿಯನ್ನು ಬಯಸುವವರು ರಸಾಯನಕ್ಕೆ ಬಯಸಬಹುದು. ತೋತಾಪುರಿಯನ್ನು ಕೇಳುವವರು ಉಪ್ಪಿನಕಾಯಿಗೋ ಕಾಯಿ ತಿನ್ನಲೋ ಕೇಳಬಹುದು. ಹೇಳಬೇಕಾದ ಮಾತು ಬೇರೆ, ಚಿತ್ರ ಬೇರೆ, ಕಾಲವೂ ಬೇರೆ. ಅದೇ ರೀತಿ ಮನೆಗೆ ಒಂದು ಪೆಟ್ಟಿಗೆ ಕೊಳ್ಳುವವರಿಗೂ, ವಸತಿ ಸಮುಚ್ಚಯಕ್ಕೆ ಒಟ್ಟಾಗಿ 50 ಪೆಟ್ಟಿಗೆ ತರಿಸುವವರಿಗೂ ಒಂದೇ ಪುಟ ಹೊಂದುವುದಿಲ್ಲ. ಎರಡನೆಯವರಿಗೆ ಬೇಕಾದುದು ಸಗಟು ದರ ಮತ್ತು ಮಾತನಾಡಲು ಒಂದು ಫೋನು ಸಂಖ್ಯೆ. ಮೊದಲ ಪುಟವನ್ನೇ ನಕಲು ಮಾಡಿ ನಾಲ್ಕು ಸಾಲು ಬದಲಿಸಿದರೆ ಕೆಲಸ ಮುಗಿಯುತ್ತದೆ.

ಪುಟಗಳು ಬೇರೆಬೇರೆ ಇದ್ದರೆ ಮತ್ತೊಂದು ಪ್ರಯೋಜನವುಂಟು. ಯಾವ ಜಾಹೀರಾತಿನಿಂದ ಎಷ್ಟು ಬೇಡಿಕೆ ಬಂತೆಂಬುದು ತಾನಾಗಿ ತಿಳಿಯುತ್ತದೆ. ಇದು ಹೊಸ ವಿದ್ಯೆಯೇನೂ ಅಲ್ಲ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಕಾಲದಲ್ಲಿ ಅಮೆರಿಕದ ವ್ಯಾಪಾರಿಗಳು ಪತ್ರಿಕೆಯಲ್ಲಿ ಕತ್ತರಿಸಿ ಕಳಿಸುವ ಚೀಟಿ ಅಚ್ಚು ಮಾಡಿಸಿ, ಒಂದೊಂದು ಜಾಹೀರಾತಿನ ಚೀಟಿಗೂ ಒಂದೊಂದು ಗುರುತು ಹಾಕುತ್ತಿದ್ದರು. ಚೀಟಿಗಳನ್ನು ಎಣಿಸಿದರೆ ಯಾವ ಜಾಹೀರಾತು ದುಡಿಯಿತು, ಯಾವುದು ಸೋಮಾರಿಯಾಯಿತು ಎಂಬುದು ತಿಳಿಯುತ್ತಿತ್ತು. ಕ್ಲಾಡ್ ಹಾಪ್‌ಕಿನ್ಸ್ ಎಂಬ ಜಾಹೀರಾತು ತಜ್ಞ 1923ರಲ್ಲಿ ಬರೆದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಊಹೆ ಬೇಡ, ಎಣಿಸಿ ನೋಡು. ಇಂದಿನ ಇಳಿಪುಟವು ಅಂದಿನ ಆ ಚೀಟಿಯ ಹೊಸ ರೂಪ.

ಹೋಲಿಕೆ ತಾಕಿನ ಪಾಠ

ಯಾವ ತಲೆಬರಹ ಒಳ್ಳೆಯದು, ಯಾವ ಚಿತ್ರ ಒಳ್ಳೆಯದು ಎಂದು ಜಗಲಿಯ ಮೇಲೆ ಕುಳಿತು ವಾದಿಸುವುದರಿಂದ ಫಲವಿಲ್ಲ. ಹೊಸ ತಳಿ ಬಂದಾಗ ನಾವು ಏನು ಮಾಡುತ್ತೇವೆ? ಪಕ್ಕದಲ್ಲೇ ಹಳೆಯ ತಳಿಯ ಹೋಲಿಕೆ ತಾಕು ಇಟ್ಟು, ನೀರು ಗೊಬ್ಬರ ಒಂದೇ ಸಮ ಕೊಟ್ಟು, ಇಳುವರಿ ತೂಗಿ ನೋಡುತ್ತೇವೆ. ಪುಟದ ಪರೀಕ್ಷೆಯೂ ಇದೇ ರೀತಿಯದು. ಎರಡು ಪುಟ ಮಾಡಿ, ಒಂದೇ ಒಂದು ಅಂಶವನ್ನು ಬದಲಿಸಿ, ಬಂದವರನ್ನು ಚೀಟಿ ಎತ್ತಿದಂತೆ ಅರ್ಧ ಅರ್ಧ ಹಂಚಿ, ಬೇಡಿಕೆ ಎಣಿಸಬೇಕು.

ನಮ್ಮ ರೈತರು ಅಭಿಮಾನಪಡತಕ್ಕ ಸಂಗತಿಯೆಂದರೆ, ಈ ವಿಧಾನದ ಬೇರು ಹೊಲದಲ್ಲಿದೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಆರ್. ಎ. ಫಿಷರ್ ಅವರು ಬೆಳೆ ಪ್ರಯೋಗಗಳಲ್ಲಿ ತಾಕುಗಳನ್ನು ಚೀಟಿ ಎತ್ತಿದಂತೆ ಹಂಚುವ, ಮತ್ತೆ ಮತ್ತೆ ಪುನರಾವರ್ತಿಸುವ ಪದ್ಧತಿಯನ್ನು ರೂಪಿಸಿದರು. ಬಿ.ಎಸ್ಸಿ. ತರಗತಿಯಲ್ಲಿ ನಾವು ಓದಿದ ಆ ಪದ್ಧತಿಯೇ ಇಂದು ದೊಡ್ಡ ದೊಡ್ಡ ಕಂಪೆನಿಗಳ ಪುಟ ಪರೀಕ್ಷೆಗೂ ಆಧಾರ.

ಇದಕ್ಕೆ ಹೆಸರಾದ ಒಂದು ಉದಾಹರಣೆ ಅಮೆರಿಕದ್ದು. 2007ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಚುನಾವಣೆಗೆ ಸ್ಪರ್ಧಿಸುತ್ತಿದ್ದ ಬರಾಕ್ ಒಬಾಮ ಅವರ ಪ್ರಚಾರ ತಂಡವು ಬೆಂಬಲಿಗರ ಹೆಸರು ಬರೆಸಿಕೊಳ್ಳುವ ಪುಟವನ್ನು ಪರೀಕ್ಷಿಸಿತು. ಈ ಕೆಲಸದ ಹೊಣೆ ಹೊತ್ತವರು ಡ್ಯಾನ್ ಸಿರೋಕರ್. ನಾಲ್ಕು ಬಗೆಯ ಗುಂಡಿ, ಆರು ಬಗೆಯ ಚಿತ್ರ ಅಥವಾ ವಿಡಿಯೋ, ಒಟ್ಟು 24 ಜೋಡಣೆ. ಸುಮಾರು 3,10,000 ಭೇಟಿಗಳನ್ನು ಇವುಗಳ ನಡುವೆ ಹಂಚಲಾಯಿತು. ವಿಡಿಯೋ ಇದ್ದ ಪುಟವೇ ಗೆಲ್ಲುವುದೆಂದು ತಂಡದವರು ನಂಬಿದ್ದರು. ಆದರೆ ವಿಡಿಯೋಗಳೆಲ್ಲ ಚಿತ್ರಗಳಿಗಿಂತ ಹಿಂದೆ ಬಿದ್ದವು. ಗೆದ್ದದ್ದು ಸಂಸಾರ ಸಮೇತ ಇರುವ ಸಾದಾ ಚಿತ್ರ ಮತ್ತು ‘ಹೆಚ್ಚು ತಿಳಿಯಿರಿ’ ಎಂಬರ್ಥದ ಗುಂಡಿ. ಮೊದಲಿದ್ದ ಪುಟದಲ್ಲಿ ನೂರಕ್ಕೆ 8.26 ಮಂದಿ ಹೆಸರು ಬರೆಸಿದ್ದರೆ ಗೆದ್ದ ಪುಟದಲ್ಲಿ 11.6 ಮಂದಿ ಬರೆಸಿದರು. ಎಂದರೆ ಶೇಕಡ 40ರಷ್ಟು ಹೆಚ್ಚಳ. ಅಷ್ಟು ತಿಳಿದವರ ಊಹೆಯೇ ತಪ್ಪಿದ ಮೇಲೆ ನಮ್ಮ ಊಹೆಯನ್ನು ನೆಚ್ಚಿ ಕೂರುವುದು ಸರಿಯಲ್ಲ.

ಆದರೆ ನಮ್ಮದು ಸಣ್ಣ ಹಿಡುವಳಿ. ಅಷ್ಟು ಮಂದಿ ನಮ್ಮ ಪುಟಕ್ಕೆ ಬರುವುದಿಲ್ಲ. ಎರಡು ಪುಟಗಳಿಗೆ ತಲಾ ಸಾವಿರ ಮಂದಿ ಬಂದು, ಒಂದರಲ್ಲಿ 10, ಇನ್ನೊಂದರಲ್ಲಿ 14 ಬೇಡಿಕೆ ಬಂದರೆ ಎರಡನೆಯದೇ ಮೇಲೆಂದು ಹೇಳಲಾಗದು. ಒಂದು ಸಾಲಿನಲ್ಲಿ ನಾಲ್ಕು ತೆನೆ ಹೆಚ್ಚು ಬಂತೆಂದು ತಳಿ ಬದಲಿಸುವುದುಂಟೆ? 10 ಎಲ್ಲಿ, 30 ಎಲ್ಲಿ ಎನ್ನುವಷ್ಟು ಅಂತರವಿದ್ದಾಗ ಮಾತ್ರ ನಂಬಬಹುದು. ಆದುದರಿಂದ ಸಣ್ಣ ಬೆಳೆಗಾರರು ಗುಂಡಿಯ ಬಣ್ಣದಂಥ ಚಿಲ್ಲರೆ ಬದಲಾವಣೆಗಳನ್ನು ಬಿಟ್ಟು ಬೆಲೆ ತೋರಿಸುವುದು, ಹಣ ವಾಪಸಿನ ಭರವಸೆ, ತಲೆಬರಹ ಇಂಥ ದೊಡ್ಡ ಅಂಶಗಳನ್ನು ಮಾತ್ರ ಪರೀಕ್ಷಿಸಬೇಕು. ಪ್ರತಿದಿನ ಸಂಜೆ ಖರ್ಚು, ಬಂದವರು, ಬೇಡಿಕೆ ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಲ್ಲಕ್ಕಿಂತ ಮುಖ್ಯ.

ಮುಂಜಾಗ್ರತೆ

ಪುಟದಲ್ಲಿ ಬರೆದ ಮಾತು ಕಾನೂನಿನ ದೃಷ್ಟಿಯಲ್ಲಿಯೂ ಮಾತೇ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಮಾರುವವರ ಹೆಸರು, ವಿಳಾಸ, ಒಟ್ಟು ಬೆಲೆ, ಹಣ ವಾಪಸಿನ ಷರತ್ತು ಸ್ಪಷ್ಟವಾಗಿರಬೇಕೆಂದು ಹೇಳುತ್ತವೆ. ಬೆಲ್ಲ, ಉಪ್ಪಿನಕಾಯಿ, ಹಪ್ಪಳದಂಥ ಸಂಸ್ಕರಿಸಿದ ಪದಾರ್ಥಗಳನ್ನು ಮಾರುವುದಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿ ಅದರ 14 ಅಂಕಿಗಳ ಸಂಖ್ಯೆಯನ್ನು ಪುಟದಲ್ಲಿ ತೋರಿಸುವುದು ಒಳ್ಳೆಯದು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದು ನಿಷಿದ್ಧ. ಎಥಿಲೀನ್ ಅನಿಲವನ್ನು 100 ಪಿ.ಪಿ.ಎಂ. ಪ್ರಮಾಣದವರೆಗೆ ಬಳಸಲು ಅವಕಾಶವಿದೆ. ಎಥಿಲೀನ್ ಬಳಸಿದ್ದರೆ ಹಾಗೆಂದೇ ಬರೆಯಬೇಕು. ‘ಹುಲ್ಲಿನಲ್ಲಿ ಮಾಗಿಸಿದ್ದು’ ಎಂದು ಸುಳ್ಳು ಬರೆಯಕೂಡದು.

ಗ್ರಾಹಕರ ಸೋಗಿನಲ್ಲಿ ಬರುವ ಮೋಸಗಾರರೂ ಉಂಟು. ಯು.ಪಿ.ಐ.ನಲ್ಲಿ ಹಣ ಪಡೆಯಲು ನಾವು ಪಿನ್ ಒತ್ತಬೇಕಾಗಿಲ್ಲ. ‘ಹಣ ಕಳಿಸಿದ್ದೇನೆ, ಪಿನ್ ಒತ್ತಿರಿ’ ಎಂದವರ ಮಾತಿಗೆ ಕಿವಿಗೊಡಬಾರದು. ಹಣ ಬಂದ ಚಿತ್ರ ಕಳಿಸಿದರೂ ಬ್ಯಾಂಕಿನ ಲೆಕ್ಕ ನೋಡಿಯೇ ಪೆಟ್ಟಿಗೆ ಕಟ್ಟಬೇಕು. ಜಾಹೀರಾತು ನಡೆಸಿಕೊಡುತ್ತೇವೆಂದು ಬರುವ ಮಧ್ಯವರ್ತಿಗಳು ‘ಇಷ್ಟು ಸಾವಿರ ಮಂದಿ ನೋಡಿದರು’ ಎಂಬ ಲೆಕ್ಕ ಕೊಡುತ್ತಾರೆ. ಎಷ್ಟು ಪೆಟ್ಟಿಗೆ ಹೋಯಿತು ಎಂದು ಅವರನ್ನು ಕೇಳಿರಿ.

ಹಣ್ಣು ಮುಗಿದಾಗ

ಮರದಲ್ಲಿರುವುದಕ್ಕಿಂತ ಹೆಚ್ಚು ಬೇಡಿಕೆ ತೆಗೆದುಕೊಳ್ಳುವುದು ದೊಡ್ಡ ಅಪಾಯ. ವಾರಕ್ಕೆ ಎಷ್ಟು ಪೆಟ್ಟಿಗೆ ಸಾಧ್ಯವೆಂದು ಮೊದಲೇ ಅಂದಾಜು ಮಾಡಿ, ಅಷ್ಟಾದ ಕೂಡಲೇ ಜಾಹೀರಾತನ್ನು ನಿಲ್ಲಿಸಬೇಕು. ಆಲಿಕಲ್ಲು ಬಿದ್ದು ಹಣ್ಣು ಕೆಟ್ಟರೆ ಅಂದೇ ನಿಲ್ಲಿಸಬೇಕು. ಪುಟವನ್ನು ಮಾತ್ರ ಅಳಿಸಬೇಡಿರಿ. ‘ಈ ವರ್ಷದ ಹಣ್ಣು ಮುಗಿಯಿತು. ಮುಂದಿನ ಸುಗ್ಗಿಗೆ ತಿಳಿಸಬೇಕಾದರೆ ನಿಮ್ಮ ಸಂಖ್ಯೆ ಬರೆಯಿರಿ’ ಎಂದು ಬದಲಿಸಿರಿ. ಹಾಗೆ ಬರೆದವರಿಗೂ, ಒಮ್ಮೆ ಹಣ್ಣು ತಿಂದು ಮೆಚ್ಚಿದವರಿಗೂ ಮುಂದಿನ ವರ್ಷ ಸುದ್ದಿ ಮುಟ್ಟಿಸಲು ಜಾಹೀರಾತಿನ ಖರ್ಚಿಲ್ಲ. ಮೊದಲ ವರ್ಷ ಅಸಲು ಮಾತ್ರ ಗಿಟ್ಟಿದ ಬೆಳೆಗಾರನಿಗೆ ಎರಡನೆಯ ವರ್ಷ ಲಾಭ ಕಾಣುವುದು ಇಂಥ ಗಿರಾಕಿಗಳಿಂದಲೇ.

ಈ ವಿಧಾನ ಮಾವಿಗೆ ಮಾತ್ರ ಮೀಸಲಲ್ಲ. ಆಲೆಮನೆಯ ಬೆಲ್ಲ, ಗಾಣದ ಎಣ್ಣೆ, ಜೇನು, ನರ್ಸರಿ ಸಸಿ ಯಾವುದಕ್ಕೂ ಅನ್ವಯಿಸುತ್ತದೆ. ಎಲ್ಲವನ್ನೂ ಒಮ್ಮೆಗೇ ಮಾಡಹೋಗದೆ, ಒಂದು ಪದಾರ್ಥ, ಒಂದು ಪುಟ, ಸ್ವಲ್ಪ ಹಣ ಇಷ್ಟರಿಂದ ಆರಂಭಿಸಿರಿ. ಪುಟ ಸಿದ್ಧವಾದ ಮೇಲೆ ಪಟ್ಟಣದಲ್ಲಿರುವ ನೆಂಟರೊಬ್ಬರಿಗೆ ಕೊಂಡಿ ಕಳಿಸಿ, ಏನನ್ನೂ ವಿವರಿಸದೆ, ‘ಒಂದು ಪೆಟ್ಟಿಗೆ ಕೊಂಡು ನೋಡು’ ಎನ್ನಿರಿ. ಅವರು ಫೋನು ಮಾಡಿ ಏನಾದರೂ ಕೇಳಿದರೆ, ಆ ಉತ್ತರ ಪುಟದಲ್ಲಿ ಇಲ್ಲವೆಂದು ಅರ್ಥ. ಅದನ್ನು ಸೇರಿಸಿದ ಮೇಲೆಯೇ ಜಾಹೀರಾತಿಗೆ ಹಣ ಕಟ್ಟಿರಿ.